ಹದಿನಾಲ್ಕನೇ ನಂಬರ್ ಬೆಂಚಿಗೆ ಬಂದ ಮೇಲೆ: ಚಿತ್ರದುರ್ಗದ ಒಂದು ಬ್ಯಾಸ್ಕೆಟ್‌ಬಾಲ್ ತಂಡದ ಪ್ರಕರಣ

ಈ ತಂಡದಲ್ಲಿ ಯಾರಿಗೆ ಎಷ್ಟು ವಯಸ್ಸು ಅಂತ ಕೇಳಬೇಕಾಗಿಲ್ಲ. ಬೆನ್ನ ಮೇಲಿನ ನಂಬರ್ ನೋಡಿದರೆ ಸಾಕು. ಹಿರಿಯರೆಲ್ಲ 4ರಿಂದ 15ರ ಒಳಗೆ ಇದ್ದಾರೆ. ಅವರು ಆಟ ಕಲಿಯುವ ಕಾಲಕ್ಕೆ ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಅಷ್ಟೇ ನಂಬರ್ ಇದ್ದವು. 1, 2, 3 ಅನ್ನು ರೆಫರಿ ಬೆರಳಲ್ಲಿ ಸನ್ನೆ ಮಾಡೋಕೆ ಅಂತ ಬಿಟ್ಟಿದ್ದರು. 2014ರಲ್ಲಿ ಈ ನಿಯಮ ಸಡಿಲವಾಯಿತು. 0, 00, ಇಲ್ಲವೇ 1ರಿಂದ 99ರೊಳಗೆ ಯಾವುದು ಬೇಕಾದರೂ ಹಾಕಿಕೊಳ್ಳಬಹುದು. ಹುಡುಗರು ತಕ್ಷಣ 23, 30, 77 ಹಿಡಿದರು. ಎಲ್ಲ ಅಮೆರಿಕದ ದೊಡ್ಡ ಆಟಗಾರರ ನಂಬರ್, ಯಾರನ್ನು ನೋಡಿ ಹಿಡಿದರು ಅಂತ ಬೇರೆ ಹೇಳಬೇಕಾ?

ನಾನು ಈ ತಂಡದ ಲೆಕ್ಕ ಬರೆಯುವವನು. ನಮ್ಮೂರಲ್ಲಿ ಆಟ ಇದ್ದರೆ ಟೇಬಲ್‌ನಲ್ಲಿ ಕೂತು ಸ್ಕೋರ್ ಶೀಟ್ ತುಂಬುತ್ತೇನೆ. ಹೊರಗೆ ಹೋದಾಗ ಬೆಂಚಿನ ಹಿಂದೆ ನೋಟ್‌ಬುಕ್ ಹಿಡಿದು ಕೂರುತ್ತೇನೆ. ಆ ಜಾಗದಲ್ಲಿ ಕೂತರೆ ಆಟಕ್ಕಿಂತ ಮಾತು ಜಾಸ್ತಿ ಕೇಳಿಸುತ್ತದೆ. ಈ ಬರಹದಲ್ಲಿ ಹೆಸರುಗಳಿಲ್ಲ. ಎಲ್ಲರನ್ನೂ ನಂಬರಲ್ಲೇ ಕರೆಯುತ್ತೇನೆ, ಸ್ಕೋರ್ ಶೀಟಿನಲ್ಲಿ ಕರೆಯುವ ಹಾಗೆ.

ಪ್ರಕರಣ ಇಷ್ಟು. ತಂಡದ ಹಿರಿಯ ಸೆಂಟರ್ ಆಟಗಾರ (ರಿಂಗ್ ಹತ್ತಿರ ಆಡುವವರು), ನಂಬರ್ ಹದಿನಾಲ್ಕು, ವಯಸ್ಸು 38. ಹೊಸ ಪಾಯಿಂಟ್ ಗಾರ್ಡ್ (ಚೆಂಡು ತಂದು ಆಟ ನಡೆಸುವವನು), ನಂಬರ್ ಮೂವತ್ತು, ವಯಸ್ಸು 19, ಬಿ.ಕಾಂ. ಮೊದಲ ವರ್ಷ. ಒಂದು ಜನವರಿಯಲ್ಲಿ ಇಬ್ಬರಿಗೂ ಮಾತು ನಿಂತಿತು. ಮುಂದಿನ ವರ್ಷದ ಜೂನ್ ಹೊತ್ತಿಗೆ ತಂಡದ ಕಲಿಸುವ ಪದ್ಧತಿಯೇ ಬದಲಾಗಿತ್ತು. ನಡುವೆ ಏನಾಯಿತು ಅನ್ನೋದು ಇಲ್ಲಿದೆ.

ನಡುವಿನ ಹತ್ತು ವರ್ಷ

ತಂಡದಲ್ಲಿ 12 ಜನ. ಐವರು 33 ದಾಟಿದವರು. ಒಬ್ಬರು ಬ್ಯಾಂಕಿನಲ್ಲಿದ್ದಾರೆ, ಒಬ್ಬರು ಬೆಸ್ಕಾಂನಲ್ಲಿ. ಒಬ್ಬರು ಪಿಯು ಉಪನ್ಯಾಸಕರು. ಒಬ್ಬರದ್ದು ಹಾರ್ಡ್‌ವೇರ್ ಅಂಗಡಿ, ಇನ್ನೊಬ್ಬರದ್ದು ಹಿರಿಯೂರು ಕಡೆ ತೋಟ. ಉಳಿದ ಏಳು ಮಂದಿ 17ರಿಂದ 21ರ ಹುಡುಗರು. 22ರಿಂದ 32ರ ನಡುವೆ ಯಾರೂ ಇಲ್ಲ.

ನಮ್ಮ ಕಡೆಯ ಊರುಗಳಲ್ಲಿ ಇದು ಹೊಸದೇನಲ್ಲ. ಚೆನ್ನಾಗಿ ಆಡುವ ಹುಡುಗ ಚಿಕ್ಕ ವಯಸ್ಸಿನಲ್ಲೇ ಆಯ್ಕೆಯಾದರೆ ಸರ್ಕಾರದ ಕ್ರೀಡಾ ಹಾಸ್ಟೆಲ್ ಸೇರುತ್ತಾನೆ. ಉಳಿದವನು ಪಿಯುಸಿ ಮುಗಿಸಿ ದಾವಣಗೆರೆಗೋ ಬೆಂಗಳೂರಿಗೋ ಇಂಜಿನಿಯರಿಂಗ್ ಓದೋಕೆ ಹೋಗುತ್ತಾನೆ. ಅಲ್ಲೂ ತಪ್ಪಿಸಿಕೊಂಡವನು ಡಿಗ್ರಿ ಮುಗಿದ ಮೇಲೆ ಕೆಲಸಕ್ಕೆ ಅಂತ ಹೋಗುತ್ತಾನೆ. ಹೆದ್ದಾರಿ ಊರ ಪಕ್ಕದಲ್ಲೇ ಇದೆ, ಬೆಂಗಳೂರು ಸುಮಾರು 200 ಕಿಲೋಮೀಟರ್. ರಾತ್ರಿ ಊಟ ಮಾಡಿ ಬಸ್ಸು ಹತ್ತಿದರೆ ಬೆಳಗಾಗುವ ಮೊದಲೇ ಮೆಜೆಸ್ಟಿಕ್.

ನಡುವಯಸ್ಸಿನವರು ಇಲ್ಲದಿದ್ದರೆ ಏನು ನಷ್ಟ? ಆಟದಲ್ಲಿ ಅಷ್ಟೇನಿಲ್ಲ. ಮಾತಿನಲ್ಲಿ ಭಾರೀ ನಷ್ಟ. 38ರವರು 19ರವನಿಗೆ ಬೈದಾಗ, ‘ಅಣ್ಣ ಇರೋದೇ ಹಂಗೆ, ಮನಸಿಗೆ ಹಚ್ಕೋಬೇಡ’ ಅಂತ ಹೆಗಲ ಮೇಲೆ ಕೈ ಹಾಕೋಕೆ 26ರ ಒಬ್ಬ ಬೇಕು. ಹುಡುಗನ ಸಿಟ್ಟನ್ನು ಹಿರಿಯರಿಗೆ ಮೆತ್ತಗೆ ಮುಟ್ಟಿಸೋಕೂ ಅವನೇ ಬೇಕು. ಅವನು ಬೆಂಗಳೂರಿನಲ್ಲಿದ್ದಾನೆ. ಹಾಗಾಗಿ ನಮ್ಮಲ್ಲಿ ಬೈಗುಳ ನೇರವಾಗಿ ಹೋಗಿ ಬಡಿಯುತ್ತದೆ.

ಇನ್ನೊಂದು ಮಾತು ಹಿರಿಯರ ಬಾಯಲ್ಲಿ ಯಾವಾಗಲೂ ಇತ್ತು: ‘ಇವರಿಗೆ ಕಲಿಸೋದು ಅಂದ್ರೆ ಬೆಂಗಳೂರಿನ ಟೀಮಿಗೆ ಕಲಿಸಿದಂಗೆ.’ ಇದು ಸುಮ್ನೆ ಗೊಣಗಾಟ ಅಲ್ಲ, ಅದರಲ್ಲಿ ಲೆಕ್ಕ ಇದೆ. ಕಲಿಸೋಕೆ ಎರಡು ವರ್ಷ ಬೇಕು, ಹುಡುಗ ಉಳಿಯುವುದೂ ಎರಡೇ ವರ್ಷ.

ಹುಡುಗಿಯರ ತಂಡದ ಪರಿಸ್ಥಿತಿ ಇದಕ್ಕಿಂತ ಕಷ್ಟ. ಅಲ್ಲಿ ಬೈಯೋಕೂ ಹಿರಿಯರಿಲ್ಲ. ಮದುವೆಯಾದ ಮೇಲೆ ಅಂಕಣಕ್ಕೆ ಬಂದವರನ್ನು ನಾನು ನಮ್ಮೂರಲ್ಲಿ ಕಂಡಿಲ್ಲ. ಚೆನ್ನೈನ ಅನಿತಾ ಪಾಲ್‌ದೊರೈ ಮಗು ಆದ ಮೇಲೂ ಆಟಕ್ಕೆ ಮರಳಿ ಭಾರತಕ್ಕೆ ಆಡಿದರು, 2021ರಲ್ಲಿ ಪದ್ಮಶ್ರೀ ಪಡೆದರು. ಅಂಥವರು ಪಕ್ಕದಲ್ಲಿ ಕೂತಿದ್ದರೆ 16ರ ಹುಡುಗಿ ಏನೇನು ಕಲಿಯುತ್ತಿದ್ದಳೋ. ಅದು ಬೇರೆಯೇ ಬರಹ ಬೇಡುವ ವಿಷಯ, ಇಲ್ಲಿಗೆ ಬಿಡುತ್ತೇನೆ.

ದಾವಣಗೆರೆಯ ಆ ಸೋಲು

ಜನವರಿಯಲ್ಲಿ ದಾವಣಗೆರೆಗೆ ಹೊನಲು ಬೆಳಕಿನ ಟೂರ್ನಿಗೆ ಹೋಗಿದ್ದೆವು. ಎರಡನೇ ಪಂದ್ಯದಲ್ಲಿ ಅರ್ಧ ಆಟದವರೆಗೆ ಮುಂದಿದ್ದೆವು, ಮೂರನೇ ಕ್ವಾರ್ಟರಿನಲ್ಲಿ ಕೈಬಿಟ್ಟಿತು. ಆ ಹತ್ತು ನಿಮಿಷದ ನನ್ನ ನೋಟ್‌ಬುಕ್ ಪುಟದಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ: ಮೂವತ್ತು, ಮೂರು ಅಂಕದ ಪ್ರಯತ್ನ, ಮಿಸ್. ಕೆಳಗೆ: ಎದುರಾಳಿ, ಫಾಸ್ಟ್ ಬ್ರೇಕ್ (ಚೆಂಡು ಸಿಕ್ಕ ಕೂಡಲೇ ಓಡಿ ದಾಳಿ), ಎರಡು ಅಂಕ.

ನಡೆಯುತ್ತಿದ್ದದ್ದು ಹೀಗೆ. ಹದಿನಾಲ್ಕು ಮೇಲೆ ಬಂದು ಸ್ಕ್ರೀನ್ ಹಾಕುತ್ತಿದ್ದರು, ಅಂದರೆ ಮೂವತ್ತನ್ನು ಕಾಯುವವನ ದಾರಿಗೆ ಅಡ್ಡ ನಿಲ್ಲುತ್ತಿದ್ದರು. ಮೂವತ್ತರ ಡಿಫೆಂಡರ್ ಆ ಸ್ಕ್ರೀನಿನ ಹಿಂದಿನಿಂದ, ರಿಂಗ್ ಕಡೆಯಿಂದ ಸುತ್ತಿ ಬರುತ್ತಿದ್ದ. ಹುಡುಗನಿಗೆ ಎದುರು ಖಾಲಿ ಕಾಣುತ್ತಿತ್ತು. 6.75 ಮೀಟರ್ ಗೆರೆಯ ಆಚೆಯಿಂದ ನಿಂತಲ್ಲೇ ಎತ್ತಿ ಹೊಡೆಯುತ್ತಿದ್ದ. ಮೊಬೈಲಿನಲ್ಲಿ ದಿನಾ ನೋಡುವುದೂ ಅದನ್ನೇ ತಾನೇ. ದೂರದಿಂದ ಹೊಡೆದ ಚೆಂಡು ರಿಂಗಿಗೆ ತಾಗಿದರೆ ಪುಟಿಯುವುದೂ ದೂರ. ಆ ಚೆಂಡು ಎದುರಾಳಿಯ ಕೈಗೆ ಬಿದ್ದರೆ ಓಟ ಶುರು.

ಈಗ ಹದಿನಾಲ್ಕು ಎಲ್ಲಿರುತ್ತಾರೆ ಯೋಚಿಸಿ. ಸ್ಕ್ರೀನ್ ಹಾಕಿದವರು ಪಾಸ್ ಬರಬಹುದು ಅಂತ ರಿಂಗ್ ಕಡೆ ಉರುಳುತ್ತಾರೆ. ಅಂದರೆ ಹುಡುಗ ಮಿಸ್ ಮಾಡುವ ಹೊತ್ತಿಗೆ ಇವರು ಎದುರಾಳಿಯ ರಿಂಗ್ ಕೆಳಗೆ, ನಮ್ಮ ರಿಂಗಿನಿಂದ ಎಲ್ಲರಿಗಿಂತ ದೂರ. ಅಂಕಣದ ಉದ್ದ 28 ಮೀಟರ್. ಪ್ರತಿ ಮಿಸ್‌ಗೂ ಅಷ್ಟು ದೂರ ವಾಪಸ್ ಓಡಬೇಕಾದವರು 38ರ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಮನುಷ್ಯ. ಹುಡುಗನಿಗೆ ಅದು ಒಂದು ಶಾಟ್. ಹದಿನಾಲ್ಕಕ್ಕೆ ಅದು ಒಂದು ಓಟ.

ಹೀಗೆ ಓಡಿ ತಡವಾಗಿ ತಲುಪಿ, ಲೇ-ಅಪ್ (ರಿಂಗ್ ಹತ್ತಿರಕ್ಕೆ ಓಡಿ ಬಂದು ಹಾಕುವ ಶಾಟ್) ತಡೆಯೋಕೆ ಹೋಗಿ ಹದಿನಾಲ್ಕು ನಾಲ್ಕನೇ ಫೌಲ್ ಮಾಡಿದರು. ಐದಾದರೆ ಹೊರಗೆ. ಅಲ್ಲೇ, ಅಂಕಣದ ಮಧ್ಯೆ, ಎರಡೂ ತಂಡ, ಗ್ಯಾಲರಿಯವರು, ರೆಫರಿ ಎಲ್ಲ ನೋಡುತ್ತಿರುವಾಗ ಹುಡುಗನ ಕಡೆ ತಿರುಗಿ ಕೂಗಿದರು: ‘ಲೇ, ನಿನಗೆ ಚೆಂಡು ಕೊಟ್ಟಿದ್ದು ಆಡೋಕೆ, ಎಸೆಯೋಕಲ್ಲ!’ ಹಿಂದೆ ಇನ್ನೆರಡು ಮಾತು ಬಂದವು, ಅವನ್ನು ಬರೆಯುವುದಿಲ್ಲ.

ಪಂದ್ಯ ಸೋತೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಮೂವತ್ತು ಕಿಟಕಿ ಕಡೆ ಮುಖ ಮಾಡಿ ಕೂತ. ಮಿರ್ಚಿ ಮಂಡಕ್ಕಿ ಪೊಟ್ಟಣ ಕೈಯಿಂದ ಕೈಗೆ ಹೋಯಿತು, ಅವನು ಮುಟ್ಟಲಿಲ್ಲ. ಮಾರನೇ ದಿನದಿಂದ ಪ್ರಾಕ್ಟೀಸಿಗೆ ಬರಲಿಲ್ಲ.

ಹುಡುಗ ತಪ್ಪಾ, ಅಣ್ಣ ತಪ್ಪಾ ಅಂತ ಊರಲ್ಲಿ ವಾದ ಆಯಿತು. ನನ್ನ ಅಭಿಪ್ರಾಯ: ಇಬ್ಬರೂ ಒಂದೇ ವಿಷಯ ಮಾತಾಡುತ್ತಿರಲಿಲ್ಲ. ಹದಿನಾಲ್ಕು ‘ಶಾಟ್ ಆಯ್ಕೆ ಸರಿ ಇಲ್ಲ’ ಅಂತ ಬೈದರು, ಆದರೆ ಒಳಗಿನ ಮಾತು ‘ನನ್ನ ಕೈಲಿ ಓಡೋಕಾಗ್ತಿಲ್ಲ’ ಅಂತ ಇತ್ತು. ಅದನ್ನು ಹೇಳೋದು ಅವರಿಗೆ ಕಷ್ಟ. 20 ವರ್ಷದಿಂದ ಊರಿನ ದೊಡ್ಡ ಆಟಗಾರ ಅನ್ನಿಸಿಕೊಂಡವರು ಮೊಣಕಾಲಿನ ವಿಷಯ ಬಾಯಿ ಬಿಟ್ಟು ಹೇಳುತ್ತಾರಾ? ಹುಡುಗನಿಗೆ ಅದು ಗೊತ್ತಾಗುವುದಾದರೂ ಹೇಗೆ?

ಕೋಚ್ ಮಾಡಿದ್ದು

ನಮ್ಮ ಕೋಚ್ ದೈಹಿಕ ಶಿಕ್ಷಣ ಶಿಕ್ಷಕರಾಗಿ ನಿವೃತ್ತರಾದವರು. ಜಾಸ್ತಿ ಮಾತಿಲ್ಲ. ಮೊದಲು ಹದಿನಾಲ್ಕನ್ನೇ ಹುಡುಗನ ಮನೆಗೆ ಕಳಿಸಿದರು. ತುರುವನೂರು ರಸ್ತೆ ಕಡೆ ಮನೆ. ಹುಡುಗ ಮನೆಯಲ್ಲಿರಲಿಲ್ಲ, ತಾಯಿ ಇದ್ದರು. ಚಹಾ ಕೊಟ್ಟು ಕೇಳಿದರಂತೆ: ‘ಬೈದೋರು ನೀವೇನಾ?’ ಹೌದು ಅಂದರು. ‘ಬೈರಿ, ಅಣ್ಣನ ಸ್ಥಾನದಾಗೆ ಅದೀರಿ, ಬ್ಯಾಡ ಅನ್ನಲ್ಲ. ಎಲ್ಲಾರ ಎದುರಿಗೆ ಮಾತ್ರ ಬ್ಯಾಡ.’

ಹದಿನಾಲ್ಕು ಇದನ್ನು ನಮಗೆ ನಗುತ್ತಾ ಹೇಳಿದರು, ಆದರೆ ಆ ಮಾತು ಅವರಿಗೆ ತಾಗಿತ್ತು. ಹುಡುಗ ವಾಪಸ್ ಬಂದ. ಕ್ಷಮೆ ಗಿಮೆ ಯಾರೂ ಕೇಳಲಿಲ್ಲ. ಕೋಚ್ ಒಂದು ಕಟ್ಟಳೆ ಮಾಡಿದರು. ಅಂಕಣದ ಒಳಗೆ ಆಟಕ್ಕೆ ಬೇಕಾದ ಕೂಗು ಮಾತ್ರ: ‘ಸ್ಕ್ರೀನ್ ಎಡಕ್ಕೆ’, ‘ಹಿಂದೆ ಒಬ್ಬ’, ‘ನನ್ನವನು’. ತಪ್ಪು ತೋರಿಸುವುದೆಲ್ಲ ಬೆಂಚಿನಲ್ಲಿ, ಇಲ್ಲವೇ ಮನೆಗೆ ಹೋಗುವ ದಾರಿಯಲ್ಲಿ.

ಅಷ್ಟಕ್ಕೇ ನಿಲ್ಲಿಸಿದ್ದರೆ ಏನೂ ಬದಲಾಗುತ್ತಿರಲಿಲ್ಲ. ಮುಖ್ಯವಾದದ್ದು ಆಮೇಲೆ ಬಂದ ಎರಡು ತೀರ್ಮಾನ.

ಮೊದಲನೆಯದು ಪ್ರಾಕ್ಟೀಸಿನದು. ಅಲ್ಲಿವರೆಗೆ ಸಂಜೆಯ ಆಟ ಅಂದರೆ ಹಿರಿಯರು ಒಂದು ಕಡೆ, ಹುಡುಗರು ಒಂದು ಕಡೆ. ಮಜಾ ಇರುತ್ತಿತ್ತು, ಪಂಥ ಇರುತ್ತಿತ್ತು, ಸೋತವರು ಚಹಾ ಕೊಡಿಸಬೇಕಿತ್ತು. ಆದರೆ ಹುಡುಗರು ಹಿರಿಯರ ಎದುರು ಆಡುತ್ತಿದ್ದರೇ ಹೊರತು ಅವರ ಜೊತೆ ಆಡುತ್ತಿರಲಿಲ್ಲ. ಕೋಚ್ ಅದನ್ನು ನಿಲ್ಲಿಸಿ ಹದಿನಾಲ್ಕನ್ನು ಹುಡುಗರ ಪಾಳಯಕ್ಕೆ ಹಾಕಿದರು. ಅವರು ಸ್ವಲ್ಪ ಮುಖ ಗಂಟು ಹಾಕಿದಾಗ ಕೋಚ್ ಹೇಳಿದ್ದು ಇಷ್ಟೇ: ‘ಗರಡಿ ಮನೆಯಾಗೆ ವಸ್ತಾದ್ ದಂಡೆ ಮ್ಯಾಲೆ ನಿಂತು ಕೂಗಲ್ಲಪ್ಪಾ, ತಾನೇ ಮಣ್ಣಿಗೆ ಇಳೀತಾನೆ.’

ಎರಡನೆಯದು ಕಷ್ಟದ್ದು. ಇನ್ನು ಮುಂದೆ ಹದಿನಾಲ್ಕು ಮೊದಲ ಐವರಲ್ಲಿ ಇರುವುದಿಲ್ಲ, ಬೆಂಚಿನಿಂದ ಬರುತ್ತಾರೆ. ಮೂವತ್ತು ಆಟ ಶುರು ಮಾಡುತ್ತಾನೆ.

‘ನನ್ನನ್ನ ಕೂರಿಸ್ತೀರಾ ಸರ್?’

‘ಕೂತ್ಕೊಂಡು ನೋಡು ಅಂತಿದೀನಿ. ನೋಡಿದ ಮೇಲೆ ಇಳಿ.’

ಅವರು ಆ ವಾರ ಪ್ರಾಕ್ಟೀಸಿಗೆ ತಡವಾಗಿ ಬಂದು ಬೇಗ ಹೋದರು. ಮನೆಯಲ್ಲೂ ಕೇಳಿದರಂತೆ, ‘ಬೆಂಚಲ್ಲಿ ಕೂರೋಕೆ ದಾವಣಗೆರೆವರೆಗೆ ಯಾಕೆ ಹೋಗಬೇಕು, ಸೋಫಾ ಇಲ್ವಾ?’ ಈ ಪ್ರಶ್ನೆ ತಮಾಷೆಯದ್ದಲ್ಲ. ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಮಯಾಮಿ ಹೀಟ್ ತಂಡದ ಯುಡೋನಿಸ್ ಹ್ಯಾಸ್ಲಮ್ 2003ರಿಂದ 2023ರವರೆಗೆ 20 ಸೀಸನ್ ಅದೇ ತಂಡದಲ್ಲಿದ್ದರು. ಕೊನೆಯ ವರ್ಷಗಳಲ್ಲಿ ಆಡಿದ್ದು ತೀರಾ ಕಡಿಮೆ, ಆದರೂ ತಂಡ ಅವರನ್ನು ಉಳಿಸಿಕೊಂಡಿತು. ಕಿರಿಯರನ್ನು ತಿದ್ದುವ ಕೆಲಸಕ್ಕೆ ಅಲ್ಲಿ ಬೆಲೆ ಇದೆ, ಅದಕ್ಕೆ ಸಂಬಳವೂ ಇದೆ. ನಮ್ಮ ಹದಿನಾಲ್ಕು ಅದೇ ಕೆಲಸವನ್ನು ರಜೆ ಹಾಕಿ, ಬಸ್ ಚಾರ್ಜು ಕೈಯಿಂದ ಕೊಟ್ಟು ಮಾಡಬೇಕು. ಮಾಡದೇ ಇದ್ದರೆ ಯಾರೂ ತಪ್ಪು ಅನ್ನೋಕೆ ಬರುತ್ತಿರಲಿಲ್ಲ.

ಅವರು ಒಪ್ಪಿದ್ದಕ್ಕೆ ಕಾರಣ ನನಗೆ ಹೇಳಿದ್ದು ಬೇರೆಯೇ. ಹುಡುಗನಾಗಿದ್ದಾಗ ಟೀವಿಯಲ್ಲಿ ಬೆಳಗ್ಗೆ ಎದ್ದು ಸ್ಯಾನ್ ಆಂಟೋನಿಯೋ ಸ್ಪರ್ಸ್ ಆಟ ನೋಡುತ್ತಿದ್ದವರು ಅವರು. ಆ ತಂಡದ ಡೇವಿಡ್ ರಾಬಿನ್ಸನ್ ಎಂಬ ದೊಡ್ಡ ಸೆಂಟರ್, 1997ರಲ್ಲಿ ಟಿಮ್ ಡಂಕನ್ ಬಂದ ಮೇಲೆ ತಂಡದ ಮುಖ್ಯ ಆಟಗಾರನ ಜಾಗವನ್ನು ನಿಧಾನಕ್ಕೆ ಅವನಿಗೆ ಬಿಟ್ಟುಕೊಟ್ಟರು. 2003ರ ಜೂನ್ 15ರಂದು ನ್ಯೂಜೆರ್ಸಿ ನೆಟ್ಸ್ ಎದುರು ಫೈನಲಿನ ಆರನೇ ಪಂದ್ಯ, ರಾಬಿನ್ಸನ್ ಆಡಿದ ಕೊನೆಯ ಆಟ. ಡಂಕನ್ 21 ಅಂಕ, 20 ರೀಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿಯುವುದು), 10 ಅಸಿಸ್ಟ್, 8 ಬ್ಲಾಕ್ ಮಾಡಿದ. ಎಲ್ಲರಿಗೂ ನೆನಪಿರುವುದು ಅದು. ‘ಆವತ್ತು ರಾಬಿನ್ಸನ್ 17 ರೀಬೌಂಡ್ ತಗೊಂಡ’ ಅಂದರು ಹದಿನಾಲ್ಕು, ‘37 ವಯಸ್ಸಲ್ಲಿ.’ ಅಷ್ಟೇ ಹೇಳಿ ಸುಮ್ಮನಾದರು. ಅವರು ಲೆಕ್ಕ ಹಾಕುತ್ತಿದ್ದದ್ದು ನನಗೆ ಗೊತ್ತಾಯಿತು.

ಬೆಂಚಿಗೆ ಬಂದ ಮೇಲೆ ಒಂದು ಸಣ್ಣ ನಿಯಮ ದೊಡ್ಡ ಕೆಲಸ ಮಾಡಿತು. ಆಟ ನಡೆಯುವಾಗ ಬೆಂಚಿನಲ್ಲಿ ಎದ್ದು ನಿಂತಿರುವ ಹಕ್ಕು ಕೋಚಿಗೆ ಇಲ್ಲವೇ ಸಹಾಯಕ ಕೋಚಿಗೆ, ಅದೂ ಒಬ್ಬರಿಗೆ ಮಾತ್ರ. ಉಳಿದವರು ಕೂರಬೇಕು. ಕೂತು ಎಷ್ಟು ಕೂಗೋಕಾಗುತ್ತದೆ? ಹದಿನಾಲ್ಕಕ್ಕೆ ಬಾಯಿಗೆ ಬಂದ ಮಾತನ್ನು ಪಕ್ಕದಲ್ಲಿ ಕೂತವನಿಗೆ ಹೇಳದೇ ಬೇರೆ ದಾರಿ ಇರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದವನು ಇಪ್ಪತ್ಮೂರು, 17ರ ಹುಡುಗ, ಆಟ ಸಿಗುವುದೇ ಅಪರೂಪ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕೂತು ನೋಡಿದಾಗ ಹದಿನಾಲ್ಕಕ್ಕೂ ಒಂದು ವಿಷಯ ಕಾಣಿಸಿತು. ಹುಡುಗ ಮೂರು ಅಂಕಕ್ಕೆ ಆಸೆಪಟ್ಟು ಹೊಡೆಯುತ್ತಿರಲಿಲ್ಲ. ಸ್ಕ್ರೀನ್ ಆದ ಮೇಲೆ ಮುಂದೇನು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಶಾಟ್ ಹೊಡೆಯೋಕೆ ಇರುವ 24 ಸೆಕೆಂಡ್ ಓಡುತ್ತಿರುತ್ತದೆ, ಎದುರು ಖಾಲಿ ಕಾಣುತ್ತದೆ, ಹೊಡೆಯುತ್ತಾನೆ.

ಗಾಳಿ ಮತ್ತು ಬೋರ್ಡು

ಏಪ್ರಿಲ್, ಮೇ ರಜೆಯಲ್ಲಿ ಬೆಳಗ್ಗೆ ಆರಕ್ಕೇ ಆಟ. ಬಿಸಿಲೇರಿದ ಮೇಲೆ ಸಿಮೆಂಟ್ ಅಂಕಣದಲ್ಲಿ ಶೂ ಒಳಗೂ ಕಾಲು ಸುಡುತ್ತದೆ. ಆಗ ಇಬ್ಬರೂ ಒಂದೇ ಒಂದು ವಿಷಯ ತೀಡಿದರು. ಸ್ಕ್ರೀನ್ ಆದ ಕೂಡಲೇ ಹದಿನಾಲ್ಕು ಚೆಂಡು ನಿಲ್ಲಿಸಿ ಕೇಳುತ್ತಿದ್ದರು: ‘ತಮ್ಮಾ, ಅವನ ಮೊದಲ ಹೆಜ್ಜೆ ಎಲ್ಲಿ ಬಿತ್ತು?’ ಆಮೇಲೆ ಹೇಳಿಕೊಡುತ್ತಿದ್ದರು: ಡಿಫೆಂಡರ್ ಸ್ಕ್ರೀನಿನ ಮೇಲಿಂದ, ಅಂದರೆ ರಿಂಗಿಗೆ ದೂರದ ಕಡೆಯಿಂದ, ಬೆನ್ನು ಹತ್ತಿದರೆ ರಿಂಗ್ ಕಡೆ ನುಗ್ಗು. ಇಬ್ಬರೂ ನಿನ್ನ ಮೇಲೆ ಬಿದ್ದರೆ ನೆಲಕ್ಕೆ ಹತ್ತಿರದಲ್ಲಿ ನನಗೆ ಪಾಸ್ ಕೊಡು. ಹಿಂದಿನಿಂದ ಸುತ್ತಿದರೆ ಹೊಡೆಯಬೇಡ, ಇನ್ನೊಂದು ಸ್ಕ್ರೀನ್ ಕೇಳು. ನಾನು ಎರಡು ಹೆಜ್ಜೆ ಕೆಳಗೆ ಬಂದು ಮತ್ತೆ ಹಾಕುತ್ತೇನೆ. ಆಗ ಅವನು ಹಿಂದಿನಿಂದ ಸುತ್ತಿ ಬರುವಷ್ಟರಲ್ಲಿ ನೀನು ರಿಂಗಿಗೆ ಹತ್ತಿರ ಇರುತ್ತೀಯ.

ಕೊನೆಯದು ಇಬ್ಬರಿಗೂ ಲಾಭದ್ದು. ಹುಡುಗನಿಗೆ ಹತ್ತಿರದ ಶಾಟ್ ಸಿಗುತ್ತದೆ. ಹತ್ತಿರದಿಂದ ತಪ್ಪಿದ ಚೆಂಡು ಹತ್ತಿರವೇ ಬೀಳುವುದು ಜಾಸ್ತಿ, ಅಣ್ಣನಿಗೆ 28 ಮೀಟರ್ ಓಟ ತಪ್ಪುತ್ತದೆ. ಮೊಣಕಾಲಿನ ಮಾತು ಬಾಯಿಗೆ ಬಾರದೇ ಬಗೆಹರಿಯಿತು.

ಜೂನ್ ಕೊನೆಗೆ ಗಾಳಿ ಶುರುವಾಯಿತು. ಚಿತ್ರದುರ್ಗದ ಗಾಳಿ ಗೊತ್ತಿಲ್ಲದವರಿಗೆ ಒಂದು ಮಾತು: ಇಲ್ಲಿನ ಗುಡ್ಡಗಳ ಮೇಲೆ ಸಾಲು ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವುದು ಚಂದಕ್ಕಲ್ಲ. ಆಷಾಢದ ಸಂಜೆ ಪಶ್ಚಿಮದಿಂದ ಬೀಸೋಕೆ ಶುರುವಾದರೆ ನಿಲ್ಲುವುದಿಲ್ಲ. ಬಯಲು ಅಂಕಣಗಳನ್ನು ಬಿಸಿಲು ಕಣ್ಣಿಗೆ ಹೊಡೆಯದಿರಲಿ ಅಂತ ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿ ಹಾಕುತ್ತಾರೆ, ನಮ್ಮದೂ ಹಾಗೇ. ಹಾಗಾಗಿ ಗಾಳಿ ಅಂಕಣಕ್ಕೆ ಅಡ್ಡ ಬೀಸುತ್ತದೆ. ಎತ್ತರಕ್ಕೆ ಕಮಾನು ಹಾಕಿ ಎಸೆದ ಚೆಂಡು ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ, ಅಷ್ಟೇ ಹೆಚ್ಚು ಸರಿಯುತ್ತದೆ. ಒಳಾಂಗಣ ಕ್ರೀಡಾಂಗಣದ ವಿಡಿಯೋ ನೋಡಿ ಕಲಿತ ಶಾಟ್ ಇಲ್ಲಿ ಬೋರ್ಡಿನ ಅಂಚಿಗೆ ಹೋಗಿ ಬೀಳುತ್ತದೆ.

ಹಿರಿಯರಿಗೆ ಇದು 20 ವರ್ಷದಿಂದ ಗೊತ್ತು. ಅವರೆಲ್ಲ ಗಾಳಿ ಇದ್ದ ದಿನ ಬೋರ್ಡಿಗೆ ಹೊಡೆದು ಆಡುವವರು. ಬೋರ್ಡಿನ ಮೇಲಿನ ಚೌಕ 59 ಸೆಂಟಿಮೀಟರ್ ಅಗಲ, 45 ಎತ್ತರ. 45 ಡಿಗ್ರಿ ಕೋನದಿಂದ ಬಂದು ಚೌಕದ ಹತ್ತಿರದ ಮೇಲ್ಮೂಲೆಗೆ ತಾಗಿಸಿದರೆ ಚೆಂಡು ಒಳಗೆ. ಚೆಂಡು ಚಪ್ಪಟೆಯಾಗಿ, ಬಿರುಸಾಗಿ ಹೋಗುವುದರಿಂದ ಗಾಳಿಗೆ ಕೈ ಹಾಕೋಕೆ ಸಮಯ ಸಿಗುವುದಿಲ್ಲ. ಹುಡುಗರು ಇದನ್ನು ಮುದುಕರ ಶಾಟ್ ಅಂತ ನಗುತ್ತಿದ್ದರು. ಡಂಕನ್ ಇಡೀ ಜೀವನ ಈ ಶಾಟಿನಿಂದಲೇ ಅನ್ನ ತಿಂದ ಅಂತ ಹದಿನಾಲ್ಕು ಹೇಳಿದರೂ ನಂಬಲಿಲ್ಲ. ಆಷಾಢದ ಒಂದು ಸಂಜೆ ಹದಿನಾಲ್ಕು ಬೋರ್ಡಿಗೆ ಹೊಡೆದು ಸಾಲಾಗಿ ಹಾಕುತ್ತಾ ಹೋದರು, ಹುಡುಗರ ಚೆಂಡು ಬೇಲಿ ದಾಟಿ ಹೋಗುತ್ತಿತ್ತು. ಮಾರನೇ ದಿನ ಮೂವತ್ತು ಎಲ್ಲರಿಗಿಂತ ಮೊದಲೇ ಬಂದು ಒಬ್ಬನೇ ಚೌಕಕ್ಕೆ ಗುರಿ ಇಡುತ್ತಿದ್ದ.

ಕಲಿಕೆ ಒಂದೇ ಕಡೆಗೆ ಹರಿಯಲಿಲ್ಲ. ಹುಡುಗರು ಓಡುತ್ತಾ ಚೆಂಡು ಹಿಡಿದು ಲೇ-ಅಪ್‌ಗೆ ಹೋದಾಗಲೆಲ್ಲ ಹದಿನಾಲ್ಕು ‘ಟ್ರಾವೆಲಿಂಗ್!’ ಅಂತ ಕೂಗುತ್ತಿದ್ದರು, ಹೆಜ್ಜೆ ಜಾಸ್ತಿ ಆಯಿತು ಅಂತ. ಒಂದು ದಿನ ಮೂವತ್ತು ಮೊಬೈಲಿನಲ್ಲಿ ನಿಯಮ ತೆಗೆದು ಮುಂದೆ ಹಿಡಿದ. 2017ರ ಫೀಬಾ ನಿಯಮಾವಳಿಯಿಂದ, ಓಡುತ್ತಿರುವಾಗ ಚೆಂಡು ಹಿಡಿಯುವ ಕ್ಷಣಕ್ಕೆ ನೆಲದ ಮೇಲಿರುವ ಕಾಲು ಲೆಕ್ಕಕ್ಕಿಲ್ಲ. ಆಮೇಲಿನ ಎರಡು ಹೆಜ್ಜೆ ಮಾತ್ರ ಲೆಕ್ಕ. ‘ಅಣ್ಣ, ಇದು ಸೊನ್ನೆ ಹೆಜ್ಜೆ.’ ಹದಿನಾಲ್ಕು ಎರಡು ಸಲ ಓದಿದರು. ‘ಇಷ್ಟು ವರ್ಷ ಒಂದು ಹೆಜ್ಜೆ ಬಿಟ್ಟುಕೊಟ್ಟು ಆಡಿದೀನಲ್ಲೋ’ ಅಂದರು. ಈಗ ರಿಂಗ್ ಹತ್ತಿರದ ಪೋಸ್ಟ್‌ನಿಂದ ತಿರುಗುವಾಗ ಅವರೇ ಆ ಹೆಜ್ಜೆ ಜಾಸ್ತಿ ಬಳಸುತ್ತಾರೆ.

ಒಂಬತ್ತನೇ ನಂಬರ್ ಒಪ್ಪಲಿಲ್ಲ

ಇಲ್ಲಿವರೆಗೆ ಓದಿದವರಿಗೆ ಎಲ್ಲ ಸಲೀಸಾಗಿ ನಡೆಯಿತು ಅನ್ನಿಸಬಹುದು. ಇಲ್ಲ. ಕೋಚ್ ಇದೇ ಪ್ರಯೋಗವನ್ನು ಒಂಬತ್ತನೇ ನಂಬರಿನ ಮೇಲೂ ಮಾಡಿದರು, ಅದು ಮುರಿದು ಬಿತ್ತು.

ಒಂಬತ್ತು ಕೂಡ ಹಿರಿಯರು, 35 ವಯಸ್ಸು, ಹತ್ತು ವರ್ಷದಿಂದ ತಂಡದ ಪಾಯಿಂಟ್ ಗಾರ್ಡ್. ಅಂದರೆ ಮೂವತ್ತು ಆಡುವ ಜಾಗವೇ. ಚೆಂಡು ಹಿಡಿಯುವ ಕೆಲಸದ ಸೂಕ್ಷ್ಮ ಅವರಿಗೆ ಹದಿನಾಲ್ಕಕ್ಕಿಂತ ಚೆನ್ನಾಗಿ ಗೊತ್ತು. ಹುಡುಗನಿಗೆ ಕಲಿಸೋಕೆ ಅವರೇ ಸರಿಯಾದವರು ಅಂತ ಯಾರಿಗಾದರೂ ಅನ್ನಿಸುತ್ತದೆ. ಕೋಚಿಗೂ ಅನ್ನಿಸಿತು. ಒಂಬತ್ತು ಎಲ್ಲರ ಎದುರೇ ಉತ್ತರ ಕೊಟ್ಟರು: ‘ನನ್ನ ಜಾಗಾನೂ ಕೊಟ್ಟು, ಪಾಠಾನೂ ನಾನೇ ಹೇಳ್ಲಾ ಸರ್?’

ಇದಕ್ಕೆ ಸಿಟ್ಟಾಗುವುದು ಸುಲಭ. ನನಗೆ ಆ ಮಾತಿನಲ್ಲಿ ನ್ಯಾಯ ಕಂಡಿತು. ಹದಿನಾಲ್ಕು ಮತ್ತು ಮೂವತ್ತು ಬೇರೆ ಬೇರೆ ಜಾಗದ ಆಟಗಾರರು. ಹುಡುಗ ಬೆಳೆದಷ್ಟೂ ಹದಿನಾಲ್ಕಕ್ಕೆ ಒಳ್ಳೇ ಪಾಸ್ ಬರುತ್ತದೆ, ಓಟ ಕಡಿಮೆಯಾಗುತ್ತದೆ. ಅವರು ಬೆಂಚಿಗೆ ಬಂದದ್ದೂ ಹುಡುಗನಿಗೆ ಜಾಗ ಕೊಡೋಕಲ್ಲ. ಒಂಬತ್ತರ ಕಥೆ ಹಾಗಲ್ಲ. ಹುಡುಗ ಒಂದು ವಿಷಯ ಕಲಿತರೆ ಅವರ ಎರಡು ನಿಮಿಷ ಹೋಗುತ್ತದೆ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿ ‘ಅವರು ದೊಡ್ಡ ಮನಸ್ಸಿನವರು, ಇವರು ಸಣ್ಣ ಮನಸ್ಸಿನವರು’ ಅಂದರೆ ತಪ್ಪಾಗುತ್ತದೆ.

ಒಂದೇ ಜಾಗದವರು ಕಲಿಸೋಕಾಗುವುದೇ ಇಲ್ಲ ಅಂತಲ್ಲ. 2019ರಲ್ಲಿ ಕ್ರಿಸ್ ಪಾಲ್ ಒಕ್ಲಹೋಮಾ ಸಿಟಿ ಥಂಡರ್ ತಂಡಕ್ಕೆ ಬಂದಾಗ ಅವರಿಗೆ 34, ಅದೇ ಬೇಸಿಗೆಯಲ್ಲಿ ಬಂದ ಶೇ ಗಿಲ್ಜಸ್ ಅಲೆಕ್ಸಾಂಡರ್‌ಗೆ 21. ಇಬ್ಬರೂ ಗಾರ್ಡ್‌ಗಳು. ಒಂದೇ ಸೀಸನ್ ಜೊತೆಗಿದ್ದರು. ಆ ಹುಡುಗ 2025ರಲ್ಲಿ ಎನ್‌ಬಿಎಯ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ, ತಂಡವನ್ನೂ ಗೆಲ್ಲಿಸಿದ. ಆದರೆ ಅಲ್ಲಿನ ಕೋಚ್ ಒಬ್ಬರನ್ನು ಕೂರಿಸಿ ಇನ್ನೊಬ್ಬರನ್ನು ಆಡಿಸಲಿಲ್ಲ. ಇಬ್ಬರನ್ನೂ ಜೊತೆಗೆ ಇಳಿಸಿದರು, ಎಷ್ಟೋ ಸಲ ಡೆನಿಸ್ ಶ್ರೋಡರ್‌ನನ್ನೂ ಸೇರಿಸಿ ಮೂರು ಗಾರ್ಡ್‌ಗಳನ್ನು ಒಟ್ಟಿಗೆ ಆಡಿಸಿದರು. ಕಲಿಸಿದ್ದಕ್ಕೆ ಹಿರಿಯ ತನ್ನ ನಿಮಿಷ ಕಳೆದುಕೊಳ್ಳಬೇಕಾಗಿರಲಿಲ್ಲ.

ನಮ್ಮ ಕೋಚಿಗೆ ಇದನ್ನು ಮೂವತ್ತೇ ಹೇಳಿದ. ಒಂಬತ್ತು ಮತ್ತು ಮೂವತ್ತನ್ನು ಜೊತೆಗೆ ಇಳಿಸಿ ನೋಡಿದ್ದು ಅಕ್ಟೋಬರಿನಲ್ಲಿ, ಆ ಹೊತ್ತಿಗೆ ತಡವಾಗಿತ್ತು. ಒಂಬತ್ತು ಪಂದ್ಯಕ್ಕೆ ಬರುತ್ತಿದ್ದರು, ಸಂಜೆ ಪ್ರಾಕ್ಟೀಸು ಬಿಟ್ಟಿದ್ದರು. ಬೆಳಗ್ಗೆ ಹವ್ಯಾಸಕ್ಕೆ ಆಡುವ ಗೆಳೆಯರ ಜೊತೆ ಸೇರಿಕೊಂಡಿದ್ದರು. ಅಲ್ಲಿ ಅವರೇ ಪಾಯಿಂಟ್ ಗಾರ್ಡ್.

ಡಿಸೆಂಬರ್, ಆಮೇಲೆ

ಡಿಸೆಂಬರಿನ ಟೂರ್ನಿಯಲ್ಲಿ ಸೆಮಿಫೈನಲ್‌ವರೆಗೆ ಹೋಗಿ ಸೋತೆವು. ಸೋತದ್ದು ಪ್ರೆಸ್ ಎದುರು. ಎದುರಾಳಿಗಳು ಪೂರ್ತಿ ಅಂಕಣದಲ್ಲಿ ಬೆನ್ನು ಹತ್ತಿದರು. 8 ಸೆಕೆಂಡಿನಲ್ಲಿ ಮಧ್ಯಗೆರೆ ದಾಟಿಸೋಕೆ ಮೂವತ್ತು ಒಬ್ಬನೇ ಒದ್ದಾಡಿದ. ಅಲ್ಲಿ ಬೇಕಾಗಿದ್ದದ್ದು ಇನ್ನೊಬ್ಬ ಚೆಂಡು ಹಿಡಿಯುವವರು, ಒಂಬತ್ತು. ಅವರು ಇಳಿದರು, ಆದರೆ ಇಬ್ಬರ ನಡುವೆ ಯಾರು ಎಲ್ಲಿ ನಿಲ್ಲಬೇಕು ಅನ್ನೋದೇ ಕೂಡಿ ಬರಲಿಲ್ಲ. ಜೊತೆಗೆ ಆಡಿದ ಸಂಜೆಗಳೇ ಇರಲಿಲ್ಲವಲ್ಲ.

ಆದರೆ ಸ್ಕ್ರೀನ್ ಆಟದಲ್ಲಿ ಮೂವತ್ತು ಬೇರೆಯೇ ಆಟಗಾರನಾಗಿದ್ದ. ಎರಡನೇ ಸ್ಕ್ರೀನ್ ಕೇಳೋಕೆ ಅವನು ಬರೀ ಗಲ್ಲ ಎತ್ತುತ್ತಿದ್ದ, ಹದಿನಾಲ್ಕು ಬಂದು ನಿಲ್ಲುತ್ತಿದ್ದರು. ಆ ಪಂದ್ಯ ನೋಡಿದ ಬೆಂಗಳೂರಿನ ಒಂದು ಕ್ಲಬ್ಬಿನವರು ಅವನ ಫೋನ್ ನಂಬರ್ ತೆಗೆದುಕೊಂಡರು. ಜೂನಿನಲ್ಲಿ ಅಲ್ಲಿನ ಕಾಲೇಜಿಗೆ ಸೇರಿಕೊಂಡು ಹೊರಟೇ ಹೋದ. ಹಿರಿಯರು ಹೇಳುತ್ತಿದ್ದ ಲೆಕ್ಕ ಸರಿಯಾಯಿತು.

ಈಗ ಇಪ್ಪತ್ಮೂರರ ವಿಷಯ. ಒಂದೂವರೆ ವರ್ಷ ಹದಿನಾಲ್ಕರ ಪಕ್ಕದ ಕುರ್ಚಿಯಲ್ಲಿ ಕೂತವನು. ಅವನಿಗೆ ಯಾರೂ ಏನೂ ಕಲಿಸಲಿಲ್ಲ, ಕಲಿಸಬೇಕು ಅಂತ ಯಾರ ಮನಸ್ಸಿನಲ್ಲೂ ಇರಲಿಲ್ಲ. ಆದರೆ ಹದಿನಾಲ್ಕರ ಬಾಯಿಂದ ಬಂದದ್ದೆಲ್ಲ ಅವನ ಕಿವಿಗೇ ಬಿದ್ದಿತ್ತು. ‘ನೋಡು, ಹಿಂದಿನಿಂದ ಬಂದ.’ ‘ಈ ರೆಫರಿ ಕೈ ತಾಗಿದ್ದಕ್ಕೆಲ್ಲ ಊದ್ತಾನೆ, ದೂರ ನಿಲ್ಲಬೇಕು.’ ‘ಅವರದ್ದು ನಾಲ್ಕು ಟೀಮ್ ಫೌಲ್ ಆಯ್ತು, ಇನ್ನು ನುಗ್ಗಿದರೆ ಎರಡು ಫ್ರೀ ಥ್ರೋ.’ ಮೂವತ್ತು ಹೋದ ಮೇಲಿನ ಮೊದಲ ಸಂಜೆ ಕೋಚ್ ಬೇರೆ ಯಾರೂ ಇಲ್ಲದೇ ಇಪ್ಪತ್ಮೂರಕ್ಕೆ ಚೆಂಡು ಕೊಟ್ಟರು. ಹುಡುಗ ಡ್ರಿಬ್ಲಿಂಗಿನಲ್ಲಿ ತಡವರಿಸಿದ, ಎಡಗೈ ಇನ್ನೂ ಬಲವಿಲ್ಲ. ಆದರೆ ಡಿಫೆಂಡರ್ ಹಿಂದಿನಿಂದ ಸುತ್ತಿದ ಕೂಡಲೇ ನಿಂತು ಇನ್ನೊಂದು ಸ್ಕ್ರೀನ್ ಕೇಳಿದ. ಹದಿನಾಲ್ಕು ನನ್ನ ಕಡೆ ತಿರುಗಿ ನೋಡಿದರು. ‘ಇವನಿಗೆ ನಾನು ಯಾವಾಗ ಹೇಳಿಕೊಟ್ಟೆ?’

ಹಿರಿಯ ಒಬ್ಬರನ್ನು ಕಿರಿಯ ಒಬ್ಬನಿಗೆ ಜೋಡಿ ಮಾಡಿದ್ದರಿಂದ ಸಿಕ್ಕಿದ್ದು ಬೆಂಗಳೂರಿಗೆ ಹೋಯಿತು. ತಂಡದಲ್ಲಿ ಉಳಿದದ್ದು ಬೆಂಚಿನಲ್ಲಿ ಚೆಲ್ಲಿದ್ದು. ನನ್ನ ಪ್ರಕಾರ ಈ ಪ್ರಕರಣದಲ್ಲಿ ಯಾರೂ ಎಣಿಸದೇ ಇದ್ದದ್ದು ಇದೇ. ಕೋಚಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಾದ್ರೆ ಕುರ್ಚಿ ಸುಮ್ನೆ ಹಾಕಬಾರದು’ ಅಂದರು.

ಈ ಸೀಸನ್ನಿನಿಂದ ಬೆಂಚಿನಲ್ಲಿ ಯಾರ ಪಕ್ಕ ಯಾರು ಅನ್ನೋದನ್ನು ಅವರು ಚೀಟಿಯಲ್ಲಿ ಬರೆದು ತರುತ್ತಾರೆ. ಹದಿನಾಲ್ಕರ ಎಡಕ್ಕೂ ಬಲಕ್ಕೂ ಹೊಸ ಹುಡುಗರು. ಒಂಬತ್ತಕ್ಕೆ ಇಪ್ಪತ್ಮೂರರ ಜೊತೆ ಎರಡು ಗಾರ್ಡ್ ಆಟ ಅಂತ ಮೊದಲೇ ಮಾತು ಕೊಟ್ಟಿದ್ದಾರೆ, ನಿಮಿಷ ಕಡಿಮೆ ಮಾಡುವುದಿಲ್ಲ ಅಂತಲೂ ಹೇಳಿದ್ದಾರೆ. ಒಂಬತ್ತು ವಾರಕ್ಕೆ ಎರಡು ಸಂಜೆ ಬರುತ್ತಿದ್ದಾರೆ. ಪೂರ್ತಿ ಒಪ್ಪಿದ್ದಾರೆ ಅಂತ ಹೇಳಲಾರೆ. ಮೊನ್ನೆ ಇಪ್ಪತ್ಮೂರರ ಎಡಗೈ ಡ್ರಿಬ್ಲಿಂಗ್ ನೋಡಲಾರದೇ ಚೆಂಡು ಕಿತ್ತುಕೊಂಡು ತಾವೇ ಮಾಡಿ ತೋರಿಸಿದರು, ಆಮೇಲೆ ಚೆಂಡು ವಾಪಸ್ ಕೊಡದೇ ಹೋಗಿ ಶಾಟ್ ಹೊಡೆದರು.